ಏಳನೇ ಸಾಲಿನ ಖಾಲಿ ಗುಣಿ

ತೋಂಟದಾರ್ಯನ ತೋಟದಲ್ಲಿ ಏಳನೇ ಸಾಲಿನ ಮೂರನೇ ಗುಣಿ ಹನ್ನೆರಡು ವರ್ಷದಿಂದ ಖಾಲಿ ಬಿದ್ದಿತ್ತು. ತೆಂಗಿನ ಸೀಮೆಯಲ್ಲಿ ಒಂದು ಮರ ಹೋದರೆ ಮುಂದಿನ ಮಳೆಗೇ ಆ ಜಾಗಕ್ಕೆ ಇನ್ನೊಂದು ಸಸಿ ಬೀಳುತ್ತದೆ. ಗುಣಿಯನ್ನು ಬಾಯಿಬಿಟ್ಟುಕೊಂಡು ಹಾಗೇ ಇರಲು ಬಿಡುವವನು ಸೋಮಾರಿಯಾಗಿರಬೇಕು, ಇಲ್ಲವೇ ತಲೆಕೆಟ್ಟವನಾಗಿರಬೇಕು. ಅವನು ಎರಡೂ ಅಲ್ಲವೆಂದು ಊರಿಗೆ ಗೊತ್ತಿತ್ತು. ಆದ್ದರಿಂದ ಯಾರೂ ಕೇಳುತ್ತಿರಲಿಲ್ಲ. ಕೇಳದಿರುವುದೂ ಒಂದು ಮರ್ಯಾದೆಯೇ. ಆ ಮರ್ಯಾದೆಯೊಳಗೇ ಅವನು ಇಷ್ಟು ವರ್ಷ ಒಬ್ಬನೇ ಕೂತಿದ್ದ.

ಆ ಮನೆಯಲ್ಲಿ ಮುತ್ತಜ್ಜನ ಕಾಲದಿಂದ ಒಂದು ಪದ್ಧತಿ. ಮಗು ಹುಟ್ಟಿ ಹೊಕ್ಕುಳಬಳ್ಳಿ ಉದುರಿದ ದಿನ ಅದನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ, ತೋಟದ ಒಂದು ಗುಣಿಯಲ್ಲಿಟ್ಟು, ಮೇಲೆ ತೆಂಗಿನ ಸಸಿ ನೆಡುವುದು. ಮರಕ್ಕೆ ಮಗುವಿನದೇ ಹೆಸರು. ಆ ಮರದ ಕಾಯನ್ನು ಅಟ್ಟಕ್ಕೆ ಹಾಕಿ ಕೊಬ್ಬರಿ ಮಾಡುವಂತಿಲ್ಲ, ಮಾರುವಂತಿಲ್ಲ. ಆ ಜೀವ ಎಲ್ಲಿ ಬಾಳುತ್ತದೋ ಅಲ್ಲಿಗೇ ಹೋಗಬೇಕು. ತೋಂಟದಾರ್ಯನ ಮರ ಎರಡನೇ ಸಾಲಿನಲ್ಲಿತ್ತು. ಅರವತ್ತೆರಡು ವರ್ಷದ್ದು, ಈಗ ತಲೆ ಸಣ್ಣದಾಗಿ ಕಾಯಿ ಕಮ್ಮಿಯಾಗಿತ್ತು. ಪಕ್ಕದ್ದು ತಂಗಿ ಗಿರಿಜಾಂಬಿಕಾಳ ಮರ. ಅವಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಹುಟ್ಟಿದ ಮಗಳು ಸೌಮ್ಯ. ಏಳನೇ ಸಾಲಿನಲ್ಲಿ ಸೌಮ್ಯಳ ಸಸಿ ನೆಟ್ಟವನು ಸೋದರಮಾವ ತೋಂಟದಾರ್ಯನೇ.

ಮಗು ರಜೆಗೆ ಬಂದಾಗಲೆಲ್ಲ ಚೀಲ ಎಸೆದು ತೋಟಕ್ಕೆ ಓಡುತ್ತಿತ್ತು. ಒಂದು ವರ್ಷ ತಾನು ಎತ್ತರ, ಮುಂದಿನ ವರ್ಷ ಮರ ಎತ್ತರ. "ಮಾವ, ಇದು ಮೋಸ ಮಾಡ್ತೈತೆ, ದಿನಾ ಗೊಬ್ಬರ ತಿಂತೈತೆ" ಎಂದು ಜಗಳಕ್ಕೆ ಬರುತ್ತಿತ್ತು. ಅವಳಿಗೆ ಒಂಬತ್ತು ತುಂಬಿದ ವರ್ಷ ಮರ ಮೊದಲ ಹೊಂಬಾಳೆ ಒಡೆಯಿತು. ತೋಂಟದಾರ್ಯ ಫೋನು ಮಾಡಿ ಹೇಳಿದ. "ನಾನು ಬರೋಗಂಟ ಯಾರೂ ಮುಟ್ಟಂಗಿಲ್ಲ ಮಾವ. ಕಾಯಿ ಕೀಳೋ ಗಿಡ್ಡಯ್ಯಂಗೂ ಹೇಳು" ಎಂದಿತು ಆ ಕಡೆಯ ದನಿ. ಮುಂದಿನ ತಿಂಗಳು ನಾಲ್ಕು ದಿನದ ಜ್ವರ. ಐದನೆಯ ದಿನ ಮಗು ಇಲ್ಲ.

ಅಂಥ ಸಾವಿನ ಹನ್ನೊಂದನೇ ದಿನ ಕಳೆದ ಮೇಲೆ ಹೆಣ್ಣುಮಗಳನ್ನು ತವರಿಗೆ ಕರೆತಂದು ನಾಲ್ಕು ದಿನ ಇಟ್ಟುಕೊಳ್ಳುವುದು ವಾಡಿಕೆ. ಗಿರಿಜೆ ಬರುವ ಹಿಂದಿನ ದಿನ ತೋಂಟದಾರ್ಯ ತೋಟದಲ್ಲಿ ನಿಂತು ಆ ಮರ ನೋಡಿದ. ಪೀಚುಗಳು ಅಡಿಕೆ ಗಾತ್ರ ಆಗಿದ್ದವು. ತಾಯಿ ಇದನ್ನು ಹೇಗೆ ನೋಡುತ್ತಾಳೆ, ನೋಡಿ ಹೇಗೆ ಬದುಕುತ್ತಾಳೆ ಎಂದುಕೊಂಡ. ಗಿಡ್ಡಯ್ಯನನ್ನು ಕರೆದು "ಇದನ್ನ ಕಡ್ದಾಕು" ಎಂದ. ಗಿಡ್ಡಯ್ಯ ಬೇಡವೆಂದ. ಎರಡನೇ ಸಲ ಹೇಳಿದ ಮೇಲೆ ಕಡಿದ.

ಮಾರನೆಯ ದಿನ ಗಿರಿಜೆ ಆಟೋ ಇಳಿದವಳು ಮನೆಯ ಕಡೆ ತಿರುಗಲೇ ಇಲ್ಲ, ನೇರ ತೋಟಕ್ಕೆ ಹೋದಳು. ಬುಡದ ಮುಂದೆ ಎಷ್ಟೋ ಹೊತ್ತು ನಿಂತಳು. ಅತ್ತಿಗೆ ತಂದುಕೊಟ್ಟ ನೀರಿನ ಚೊಂಬನ್ನು ಕೈಯಲ್ಲಿ ಹಿಡಿದು, ಕುಡಿಯದೆ ಹಾಗೇ ನೆಲಕ್ಕಿಟ್ಟು, ಬಂದ ಆಟೋದಲ್ಲೇ ಹೋಗಿಬಿಟ್ಟಳು. ಸಂಜೆ ಅವಳ ಗಂಡ ಪರಮೇಶ ಫೋನು ಮಾಡಿ ಏನಾಯ್ತೆಂದು ಕೇಳಿದಾಗ ತೋಂಟದಾರ್ಯನ ಬಾಯಿಂದ ಬಂದದ್ದು ಒಂದೇ ಮಾತು. "ರೋಗ ಬಂದಿತ್ತು ಕಣಪ್ಪ. ಕಾಂಡ ಸೋರ್ತಿತ್ತು. ಪಕ್ಕದ ಮರಕ್ಕೂ ಹಬ್ಬೋದು." ಆ ಮಾತನ್ನೇ ಊರಿಗೂ ಹೇಳಿದ. ಹೇಳಿ ಹೇಳಿ ಅದು ಗಟ್ಟಿಯಾಯಿತು, ಕರಟದ ಹಾಗೆ. ಬುಡವನ್ನು ಅಗೆಸಿ ತೆಗೆಸಿದ, ಆದರೆ ಆ ಗುಣಿಗೆ ಇನ್ನೊಂದು ಸಸಿ ಇಡಲು ಕೈ ಬರಲಿಲ್ಲ.

ಆಮೇಲೆ ಪ್ರತಿ ಗೌರಿಹಬ್ಬಕ್ಕೆ ಗಿಡ್ಡಯ್ಯ ಬಾಗಿನ ಹೊತ್ತು ಗಿರಿಜೆಯ ಗಂಡನ ಊರು ಅಮ್ಮಸಂದ್ರಕ್ಕೆ ಹೋಗುತ್ತಿದ್ದ. ಅದೇ ಬಾಗಿನ ಹೊತ್ತು ವಾಪಸು ಬರುತ್ತಿದ್ದ. ತೋಂಟದಾರ್ಯನ ಹೆಂಡತಿ ಬದುಕಿದ್ದಷ್ಟು ದಿನ "ನೀವೇ ಹೋಗಿ ಇದ್ದದ್ದು ಇದ್ದಂಗೆ ಹೇಳಿ ಬನ್ನಿ" ಎನ್ನುತ್ತಿದ್ದಳು. ಅವಳು ಹೋಗಿ ಐದು ವರ್ಷವಾಗಿತ್ತು; ಈಗ ಹಾಗೆ ಹೇಳುವವರೂ ಇರಲಿಲ್ಲ. ಬೆಳಿಗ್ಗೆ ಲಿಂಗಪೂಜೆ, ತೋಟ, ಅಟ್ಟ, ಸಂಜೆ ಜಗಲಿ. ಆ ಜಗಲಿಯ ಮೇಲೆ ಅವನ ತಂದೆ ಒಂದು ಕಾಲದಲ್ಲಿ ಷಟ್ಪದಿ ಹಾಡಿ ಅರ್ಥ ಹೇಳುತ್ತಿದ್ದರು; ತುಂಬ ಜನ ಕೂರುತ್ತಿದ್ದರು. ಅಣ್ಣ ತಂಗಿ ಇಬ್ಬರೂ ಕಂಬಕ್ಕೊರಗಿ ಕೇಳುತ್ತ ಅಲ್ಲೇ ನಿದ್ದೆ ಹೋಗುತ್ತಿದ್ದರು. ಈಗಲೂ ತೋಂಟದಾರ್ಯ ಅದೇ ಕಂಬಕ್ಕೆ ಒರಗಿ ಕೂರುತ್ತಿದ್ದ. ಪದ್ಯ ನೆನಪಿತ್ತು, ಹಾಡುವ ದನಿ ಇರಲಿಲ್ಲ.

ಶ್ರಾವಣದಲ್ಲಿ ಒಯಾಟ್ ಬಂದ. ಉಗಾಂಡದ ಉತ್ತರದ ಕಡೆಯವನು, ಅಚೋಲಿ ಜನ. ತನ್ನ ದೇಶದಲ್ಲಿ ಅರಣ್ಯ ಇಲಾಖೆಯ ನೌಕರಿಯಲ್ಲಿದ್ದು ರಜೆ ಹಾಕಿ ಬೆಂಗಳೂರಿಗೆ ಓದಲು ಬಂದವನು, ಮೂವತ್ತರ ಆಸುಪಾಸು. ಹೊಲದ ಬದುವಿನ ಮರಗಳು, ಅವುಗಳ ಹೆಸರು, ಉಪಯೋಗ, ಇದು ಅವನ ಪ್ರಬಂಧದ ವಿಷಯ. ಅವನ ಪ್ರೊಫೆಸರು ತೋಂಟದಾರ್ಯನ ಪರಿಚಯದವರು. "ಮೂರು ವಾರ ಒಂದು ಕೋಣೆ ಕೊಡಿ, ಊಟಕ್ಕೆ ತಕರಾರಿಲ್ಲದ ಹುಡುಗ" ಎಂದಿದ್ದರು. ಎರಡು ವರ್ಷದಲ್ಲಿ ಅವನು ಕನ್ನಡ ಕಲಿತಿದ್ದ; ಪುಸ್ತಕದ ಹಾಗೆ, ಒಂದೊಂದೇ ಪದ ತೊಳೆದಿಟ್ಟಂತೆ ಆಡುತ್ತಿದ್ದ.

ಮೊದಲ ದಿನ ಗಿಡ್ಡಯ್ಯ ಅವನನ್ನು ನೋಡುವುದಕ್ಕೆಂದೇ ಊಟದ ಹೊತ್ತಿಗೆ ಬಂದು ಬಾಗಿಲಲ್ಲಿ ಕೂತ. ಹೆಸರಿಗೆ ಗಿಡ್ಡಯ್ಯ, ಆಳು ಆರಡಿ.

"ಯಜಮಾನ್ರೆ, ಮುದ್ದೆ ಇಕ್ಕೀರಲ್ಲ, ಪಾಪ, ಅದೇನು ಗೊತ್ತಾಯ್ತದೆ ಅವ್ರಿಗೆ? ಅನ್ನ ಮಾಡ್ಸಿ."

ಒಯಾಟ್ ಮುದ್ದೆಯ ಮುಂದೆ ಸುಮ್ಮನೆ ಕೂತಿದ್ದ. ಆಮೇಲೆ ಮೂರು ಬೆರಳಿನಲ್ಲಿ ಒಂದು ತುಂಡು ಮುರಿದು, ಅಂಗೈಯಲ್ಲಿ ಉರುಳಿಸಿ, ಹೆಬ್ಬೆರಳಿನಿಂದ ಗುಳಿ ಮಾಡಿ, ಸಾರಿಗೆ ಅದ್ದಿ ಬಾಯಿಗಿಟ್ಟ. ಅಗಿಯತೊಡಗಿದ.

"ಅಯ್ಯೋ, ಅಗೀಬ್ಯಾಡ ಕಣಪ್ಪ! ನುಂಗು, ನುಂಗು!"

"ನಾವು ಅಗಿಯುತ್ತೇವೆ," ಎಂದ ಒಯಾಟ್, ಕಣ್ಣು ತುಂಬಿಕೊಂಡು ನಗುತ್ತ. "ಇದು ಕ್ವೊನ್. ಕ್ವೊನ್ ಕಾಲ್. ನಮ್ಮ ಮನೆಯ ಊಟ. ಇದೇ ರಾಗಿ. ಅಜ್ಜಿ ಗಂಜಿಗೆ ಹುಣಸೆಹಣ್ಣಿನ ರಸ ಹಿಂಡುತ್ತಿದ್ದಳು, ಸರ್."

"ನಮ್ ರಾಗಿ ಅಲ್ಲೀಗಂಟ ಹೋಗೈತಾ?"

"ಅಲ್ಲಿಂದ ಇಲ್ಲಿಗೆ ಬಂದಿದೆ ಎನ್ನುತ್ತಾರೆ."

ಗಿಡ್ಡಯ್ಯ ತೋಂಟದಾರ್ಯನ ಮುಖ ನೋಡಿದ. "ಕೇಳುದ್ರಾ? ಇಷ್ಟು ದಿನ ಇವರ ಮನೆ ಊಟ ಉಂಡ್ಕೊಂಡು ನಮ್ದು ಅಂತ ಜಂಬ ಪಡ್ತಿದ್ವಿ." ಮತ್ತೆ ಒಯಾಟ್‌ನ ಕಡೆ ತಿರುಗಿ, "ನೋಡಪ್ಪ, ಸಾರ್ ಗೀರ್ ಎಲ್ಲಾ ಆಪೀಸ್ನಾಗೆ. ಒಂದೇ ಊಟ ಉಂಬೋರು ನೀವು. ಅಣ್ಣ ಅನ್ನು."

"ಅಣ್ಣ," ಎಂದ ಒಯಾಟ್.

ತೋಂಟದಾರ್ಯನ ಕೈ ಸಾರಿನ ಸೌಟಿನ ಮೇಲೆ ನಿಂತಿತು. ಊರಲ್ಲಿ ಅವನು ಕೆಲವರಿಗೆ ತೋಂಟಪ್ಪನೋರು, ಗಿಡ್ಡಯ್ಯನಿಗೆ ಯಜಮಾನರು. ಹೆಸರು ಹಚ್ಚದೆ ಬರಿಯ ಅಣ್ಣ ಎನ್ನುತ್ತಿದ್ದವಳು ಒಬ್ಬಳೇ. ಹನ್ನೆರಡು ವರ್ಷದಿಂದ ಆ ಪದ ಆ ಮನೆಯೊಳಗೆ ಬಂದಿರಲಿಲ್ಲ.

ಮಾರನೆಯ ದಿನದಿಂದ ಇಬ್ಬರೂ ತಿರುಗತೊಡಗಿದರು. ಒಯಾಟ್‌ನ ಬಗಲಲ್ಲಿ ಒಂದು ದಪ್ಪ ನೋಟ್‌ಬುಕ್. ಪುಟಕ್ಕೆ ಮೂರು ಕಾಲಮು ಹಾಕಿದ್ದ: ಅಚೋಲಿಯಲ್ಲಿ ಏನನ್ನುತ್ತಾರೆ, ಇಲ್ಲಿ ಏನನ್ನುತ್ತಾರೆ, ಯಾವುದಕ್ಕೆ ಬರುತ್ತದೆ. ಇಷ್ಟು ವರ್ಷ ಮಾತು ಮರೆತಂತಿದ್ದ ತೋಂಟದಾರ್ಯನಿಗೆ ಬಾಯಿ ಬಂತು. ಹೊಂಗೆಯ ನೆರಳು ತಾಯಿಯ ಮಡಿಲಿದ್ದ ಹಾಗೆ, ಸೊಪ್ಪು ಗೊಬ್ಬರಕ್ಕೆ, ಬೀಜ ಎಣ್ಣೆಗೆ. ಮುತ್ತುಗದ ಎಲೆ ಊಟಕ್ಕೆ. ಬಿಲ್ವ ಶಿವನಿಗೆ. ಬದುವಿನ ಹಾಲುವಾಣದ ಗೂಟ ನೆಟ್ಟರೆ ಬೇಲಿಯೇ ಮರವಾಗುತ್ತದೆ. ಇಂಥವನ್ನೆಲ್ಲ ಅವನು ಯಾರಿಗೂ ಹೇಳಿರಲಿಲ್ಲ. ಇಲ್ಲಿ ಎಲ್ಲರಿಗೂ ಗೊತ್ತಿದ್ದದ್ದನ್ನು ಹೇಳುವುದು ಯಾರಿಗೆ?

ಹುಣಸೆ ಮರದ ಕೆಳಗೆ ಒಯಾಟ್ "ಚ್ವಾ!" ಎಂದು ಬುಡವನ್ನು ಅಂಗೈಯಲ್ಲಿ ತಟ್ಟಿದ, ಸಂತೆಯಲ್ಲಿ ಊರಿನವನು ಸಿಕ್ಕಿದ ಹಾಗೆ. ಕೆರೆ ಏರಿಯ ತಾಳೆಗೆ "ತುಗು" ಎಂದ. ಹಿಪ್ಪೆಯ ಮರ ಕಂಡಾಗ ಮಾತ್ರ ಎಲೆ ತಿರುಗಿಸಿ ನೋಡಿದ, ಬೀಜ ಒಡೆದು ಮೂಸಿದ.

"ಇದು ನಮ್ಮಲ್ಲಿಲ್ಲ. ಆದರೆ ಇದರ ಅಕ್ಕ ಇದ್ದಾಳೆ. ಯಾ ಎನ್ನುತ್ತೇವೆ. ಅದರ ಬೀಜದ ಎಣ್ಣೆ ಅಡುಗೆಗೆ, ಹುಟ್ಟಿದ ಮಗುವಿನ ಮೈಗೆ. ಯಾ ಮರವನ್ನು ಕಡಿಯಬಾರದು. ಹೊಲ ಉಳುವವನೂ ಅದನ್ನು ಸುತ್ತಿಕೊಂಡು ಉಳುತ್ತಾನೆ."

"ಇದರ ಎಣ್ಣೇಲಿ ನಮ್ಮವ್ವ ದೇವರ ದೀಪ ಹಚ್ಚೋಳು," ಎಂದ ತೋಂಟದಾರ್ಯ.

ಒಂದು ಮಧ್ಯಾಹ್ನ ಸೋನೆ ಹಿಡಿಯಿತು. ಇಬ್ಬರೂ ಅಟ್ಟದ ಮನೆಯಲ್ಲಿ ಕೂತರು. ಮೇಲೆ ಅಟ್ಟದಲ್ಲಿ ವರ್ಷ ತುಂಬಲು ಕಾಯುತ್ತಿದ್ದ ಕಾಯಿಗಳು; ಒಳಗೆ ನೀರು ಇಂಗಿ ಕೊಬ್ಬರಿ ಕಳಚಿಕೊಂಡ ಕಾಯಿ ಇಲಿ ಓಡಿ ಅಲುಗಿದಾಗ ಲೊಟಲೊಟ ಸದ್ದು. "ಇಷ್ಟೊಂದು ಹೆಸರು ಯಾರು ಕಲಿಸಿದ್ರಪ್ಪ ನಿಂಗೆ?" ಎಂದು ತೋಂಟದಾರ್ಯ ಕೇಳಿದ.

"ಅಜ್ಜಿ. ಶಿಬಿರದಲ್ಲಿ." ಒಯಾಟ್ ನೋಟ್‌ಬುಕ್ ಮುಚ್ಚಿದ. "ನಮ್ಮ ಕಡೆ ಬಹಳ ವರ್ಷ ಯುದ್ಧ ಇತ್ತು, ಅಣ್ಣ. ಹಳ್ಳಿ ಖಾಲಿ ಮಾಡಿಸಿ ಎಲ್ಲರನ್ನೂ ಒಂದು ಬಯಲಿನಲ್ಲಿ ಇಟ್ಟರು. ಗುಡಿಸಲಿಗೆ ಗುಡಿಸಲು ತಾಗಿ. ಸೌದೆಗೆಂದು ಸುತ್ತಲಿನ ಮರವೆಲ್ಲ ಹೋಯಿತು. ಒಂದೂ ಉಳಿಯಲಿಲ್ಲ. ಅಜ್ಜಿ ಸಂಜೆ ನಮ್ಮನ್ನು ಕೂರಿಸಿಕೊಂಡು ಮರಗಳ ಹೆಸರು ಹೇಳಿಸುತ್ತಿದ್ದಳು. ಎಲೆ ಹೀಗೆ, ತೊಗಟೆ ಹೀಗೆ, ಇದಕ್ಕೆ ಬರುತ್ತದೆ. ನಾನು ಹನ್ನೊಂದು ವರ್ಷದವನಾಗುವ ತನಕ ಹೆಸರು ಮಾತ್ರ ಗೊತ್ತಿತ್ತು, ಮರ ಗೊತ್ತಿರಲಿಲ್ಲ. ಊರಿಗೆ ಹಿಂತಿರುಗಿದ ದಿನ ಒಂದೊಂದೇ ಮರದ ಹತ್ತಿರ ಹೋಗಿ, ನೀನೇನಾ, ನೀನೇನಾ ಎಂದು ಕೇಳಿದೆ."

"ಅಜ್ಜಿ ಬಂದ್ರಾ?"

"ಇಲ್ಲ. ಅಲ್ಲೇ ಹೋದಳು."

ತೋಂಟದಾರ್ಯ ಮೇಲಿನ ಕಾಯಿಗಳ ಕಡೆ ನೋಡಿದ. ಹೆಸರನ್ನು ಉಳಿಸಲು ಒಬ್ಬ ಮುದುಕಿ ಅಷ್ಟು ಪಾಡು ಪಟ್ಟಿದ್ದಳು. ತಾನು ಹೆಸರಿದ್ದ ಒಂದು ಮರವನ್ನು ಬುಡಕ್ಕೆ ಕಡಿಸಿ, ಹೆಸರನ್ನೂ ಬಾಯಿಂದ ಬಿಟ್ಟಿದ್ದ. ಸೌಮ್ಯ ಎಂದು ಅವನು ಗಟ್ಟಿಯಾಗಿ ಅಂದು ಎಷ್ಟು ಕಾಲವಾಗಿತ್ತೋ.

ಗೌರಿಹಬ್ಬಕ್ಕೆ ಇನ್ನು ಹತ್ತು ದಿನವಿರುವಾಗ ಅವರ ತಿರುಗಾಟ ಸ್ವಂತ ತೋಟಕ್ಕೆ ಬಂತು. ಗಿಡ್ಡಯ್ಯನೂ ಜೊತೆಗಿದ್ದ. ಎರಡನೇ ಸಾಲಿನಲ್ಲಿ ತೋಂಟದಾರ್ಯ ತನ್ನ ಮರ ತೋರಿಸಿದ, ತಂಗಿಯ ಮರ ತೋರಿಸಿದ, ಪದ್ಧತಿ ಹೇಳಿದ. ಒಯಾಟ್ ಖುಷಿಯಿಂದ ಬರೆದುಕೊಂಡ. "ಮರಕ್ಕೆ ಮನುಷ್ಯನ ಹೆಸರು! ನಮ್ಮಲ್ಲಿ ತಿರುಗುಮುರುಗು. ನನ್ನ ಹೆಸರೇ ಮರದ್ದು. ನಮ್ಮ ಭಾಷೆಯಲ್ಲಿ ಮರಕ್ಕೂ ಮದ್ದಿಗೂ ಒಂದೇ ಪದ. ಬಹಳ ವರ್ಷ ಮಕ್ಕಳಾಗದೆ, ಅಮ್ಮ ಗಿಡಮೂಲಿಕೆ ಕುಡಿದ ಮೇಲೆ ನಾನು ಹುಟ್ಟಿದ್ದಂತೆ."

"ನಮ್ ಕಡೆ ಆಗಿದ್ರೆ ಬೇರಪ್ಪ ಅಂತಿದ್ರು," ಎಂದ ಗಿಡ್ಡಯ್ಯ.

ನಗುತ್ತಲೇ ಏಳನೇ ಸಾಲಿಗೆ ಬಂದರು. ಒಯಾಟ್ ನಿಂತ. ಸುತ್ತಲೂ ಸಾಲಾಗಿ ನಿಂತ ಮರಗಳ ನಡುವೆ ಆ ಒಂದು ಕಡೆ ಮೇಲಿನಿಂದ ಬಿಸಿಲು ನೇರ ಬೀಳುತ್ತಿತ್ತು, ಹಲ್ಲು ಬಿದ್ದ ಬಾಯಿಯ ಹಾಗೆ.

"ಇಲ್ಲಿ ಯಾರು ಇದ್ದರು?"

ಏನಿತ್ತು ಎಂದು ಅವನು ಕೇಳಲಿಲ್ಲ. ಯಾರು ಎಂದು ಕೇಳಿದ. ಗಿಡ್ಡಯ್ಯ ಸೊಂಟದ ಕುಡುಗೋಲನ್ನು ಸುಮ್ಮಸುಮ್ಮನೆ ಸರಿಮಾಡಿಕೊಂಡ.

"ನನ್ನ ತಂಗಿ ಮಗಳ ಮರ," ಎಂದ ತೋಂಟದಾರ್ಯ. "ರೋಗ ಬಂದು ಹೋಯ್ತು. ಕಾಂಡ ಸೋರೋ ರೋಗ."

ಒಯಾಟ್ ಪೆನ್ನು ತೆಗೆದು ಬರೆದ. ತನ್ನ ಸುಳ್ಳು ಒಂದೊಂದೇ ಅಕ್ಷರವಾಗಿ ಕಾಗದದ ಮೇಲೆ ಕೂರುವುದನ್ನು ತೋಂಟದಾರ್ಯ ನೋಡಿದ. ಹುಣಸೆ, ಹಿಪ್ಪೆ, ಬಿಲ್ವ, ಅಜ್ಜಿಯ ಬಾಯಿಂದ ಬಂದ ಅಷ್ಟು ಹೆಸರು, ಅವುಗಳ ಕೆಳಗೆ ಇದು. ಬಾಯಲ್ಲಿದ್ದಾಗ ಅದು ಅಷ್ಟು ದೊಡ್ಡದಾಗಿ ಕಂಡಿರಲಿಲ್ಲ.

ಆ ಸಂಜೆ ಜಗಲಿಯ ಮೇಲೆ ಕೂತಾಗ ಒಯಾಟ್ ನೋಟ್‌ಬುಕ್ಕಿನ ಹಿಂದಿನ ಪುಟ ತಿರುವುತ್ತಿದ್ದ. ಅಲ್ಲಿ ಅಚೋಲಿ ಹೆಸರು ಇದ್ದು ಕನ್ನಡದ ಕಾಲಮು ಖಾಲಿ ಇದ್ದ ಮರಗಳು. "ಇದಕ್ಕೆ ಸಮನಾದದ್ದು ಇಲ್ಲಿ ಸಿಗಲಿಲ್ಲ," ಎಂದ. "ಒಪುಟ್."

"ಅದು ಯಾತಕ್ಕೆ ಬತ್ತದೆ?" ಎಂದ ಗಿಡ್ಡಯ್ಯ, ಎಲೆಗೆ ಸುಣ್ಣ ಹಚ್ಚುತ್ತ.

"ಜಗಳಕ್ಕೆ. ಒಂದು ಮನೆಯವನಿಂದ ಇನ್ನೊಂದು ಮನೆಯ ಜೀವ ಹೋದರೆ ಎರಡು ಮನೆಗೂ ಮಾತು ನಿಲ್ಲುತ್ತದೆ. ಒಂದೇ ಪಾತ್ರೆಯಲ್ಲಿ ಉಣ್ಣುವುದಿಲ್ಲ. ಮತ್ತೆ ಕೂಡಬೇಕಾದರೆ ಒಪುಟ್‌ನ ಬೇರು ಕುಟ್ಟಿ, ಸೋರೆ ಬುರುಡೆಯಲ್ಲಿ ಕಲಸಿ, ಎದುರು ಬದುರು ಮಂಡಿಯೂರಿ, ಕೈ ಬೆನ್ನಿಗೆ ಕಟ್ಟಿಕೊಂಡು ಇಬ್ಬರೂ ಒಟ್ಟಿಗೆ ಬಾಗಿ ಕುಡಿಯುತ್ತಾರೆ. ತುಂಬ ಕಹಿ."

"ಬರೀ ಬೇರಾ?"

"ಸ್ವಲ್ಪ ಹೆಂಡವೂ ಇರುತ್ತದೆ."

"ಹಂಗನ್ನು! ಯಜಮಾನ್ರೆ, ನಾಳೆಯಿಂದ ನಾನೂ ಯಾರತ್ರನಾರಾ ಜಗಳ ತಗೀತೀನಿ."

ಒಯಾಟ್ ನಕ್ಕ. ತೋಂಟದಾರ್ಯ ನಗಲಿಲ್ಲ. "ಕುಡುದ್ರೆ ಸರಿಹೋಗ್ತದಾ?" ಎಂದು ಕೇಳಿದ.

"ಇಲ್ಲ ಅಣ್ಣ. ಕುಡಿಯುವುದು ಕೊನೆಗೆ. ಅದಕ್ಕೂ ಮೊದಲು ತಪ್ಪು ಮಾಡಿದವನು ಎಲ್ಲರ ಮುಂದೆ ಬಾಯಿಬಿಟ್ಟು, ಆದದ್ದನ್ನು ಆದ ಹಾಗೆ ಹೇಳಬೇಕು. ಒಂದು ಸುಳ್ಳು ಸೇರಿದರೂ ನಡೆಯುವುದಿಲ್ಲ. ಅವನು ಹೇಳುವ ತನಕ ಬೇರನ್ನು ಯಾರೂ ಅಗೆಯುವುದಿಲ್ಲ, ಎಷ್ಟು ವರ್ಷವಾದರೂ. ಅಜ್ಜಿ ಹೇಳುತ್ತಿದ್ದಳು, ಬೇರು ಅಷ್ಟೇನೂ ಕಹಿಯಲ್ಲ, ಅದಕ್ಕೆ ಮೊದಲಿನದೇ ಕಹಿ ಎಂದು."

ತೋಂಟದಾರ್ಯ ಕಂಬಕ್ಕೆ ತಲೆ ಆನಿಸಿ ಕೂತ. ತಂದೆ ಹಾಡುತ್ತಿದ್ದ ಕಥೆಗಳಲ್ಲಿ ಸತ್ಯಕ್ಕಾಗಿ ರಾಜ್ಯ ಬಿಟ್ಟವರಿದ್ದರು, ಹೆಂಡತಿ ಮಕ್ಕಳನ್ನು ಬಿಟ್ಟವರಿದ್ದರು. ಅವನ್ನು ಕೇಳುವಾಗ ಎಷ್ಟು ಸಲ ಕಣ್ಣೀರು ಸುರಿಸಿದ್ದ. ಸತ್ಯ ಅಂದರೆ ದೊಡ್ಡವರ ಸಂಗತಿ, ಅರಮನೆಯ ಸಂಗತಿ ಅಂದುಕೊಂಡಿದ್ದ. ಒಂದು ತೆಂಗಿನ ಮರದ ವಿಷಯವೂ ಆಗಬಹುದೆಂದು ಹೊಳೆದಿರಲಿಲ್ಲ.

"ಒಯಾಟಪ್ಪ," ಎಂದ ಕೊನೆಗೆ. "ಬೆಳಿಗ್ಗೆ ಬರ್ದ್ಯಲ್ಲ, ಏಳನೇ ಸಾಲಿಂದು. ಅದನ್ನ ಹೊಡ್ದಾಕು. ಆ ಮರಕ್ಕೆ ರೋಗ ಇರ್ಲಿಲ್ಲ."

ಒಯಾಟ್ ತಲೆ ಎತ್ತಿದ. ಗಿಡ್ಡಯ್ಯನ ಎಲೆ ಬಾಯಿಗೆ ಹೋಗದೆ ಕೈಯಲ್ಲೇ ಉಳಿಯಿತು. ತೋಂಟದಾರ್ಯ ಎಲ್ಲವನ್ನೂ ಹೇಳಿದ. ಮುಖ ತಿರುಗಿಸಿಕೊಂಡು, ಮುಂದಿನ ಕಣದ ಕಡೆ ನೋಡುತ್ತ, ಅಲ್ಲಿ ಯಾರೋ ನಿಂತು ಕೇಳುತ್ತಿದ್ದಾರೆನ್ನುವ ಹಾಗೆ.

"ಕಡುದ್ ಕೈ ನಂದು," ಎಂದ ಗಿಡ್ಡಯ್ಯ ಮೆಲ್ಲಗೆ. "ಆ ಮಗ ನನ್ ಹೆಸರೇಳಿ ಹೇಳಿತ್ತಂತೆ, ಮುಟ್ಬ್ಯಾಡ ಅಂತ. ಹನ್ನೆರಡ್ ಸಲ ಬಾಗಿನ ಹೊತ್ತೀನಿ ಯಜಮಾನ್ರೆ. ಬಾಗಿನ ಭಾರ ಇರ್ಲಿಲ್ಲ. ಆ ಅಮ್ಮನ ಮುಖ ನೋಡೋದೇ ಭಾರ."

ಒಯಾಟ್ ಪುಟ ತೆಗೆದು ಒಂದು ಗೆರೆ ಎಳೆದ. "ಈಗ ಉಪಯೋಗದ ಕಾಲಮಿನಲ್ಲಿ ಏನು ಬರೆಯಲಿ, ಅಣ್ಣ?"

"ಖಾಲಿ ಬುಡಪ್ಪ," ಎಂದ ತೋಂಟದಾರ್ಯ.

ಮೂರು ದಿನ ಬಿಟ್ಟು, ಪೂಜೆ ಮುಗಿಸಿ ಹಣೆಗೆ ವಿಭೂತಿ ಧರಿಸಿ, ಬರಿಗೈಯಲ್ಲಿ ಹೊರಟ. ಅರಳಗುಪ್ಪೆಯಲ್ಲಿ ಪ್ಯಾಸೆಂಜರ್ ರೈಲು ಹತ್ತಿ ಕಿಟಕಿಯ ಪಕ್ಕ ಕೂತ. ಎರಡೂ ಕಡೆ ತೋಟ, ತೋಟ, ನಡುವೆ ರಾಗಿ ಹೊಲ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡ. ಅಮ್ಮಸಂದ್ರದ ಸಿಮೆಂಟು ಕಾರ್ಖಾನೆಯ ಚಿಮಣಿ ಕಾಣುವ ಹೊತ್ತಿಗೆ ಅಷ್ಟೂ ಮರೆತುಹೋಗಿತ್ತು.

ಗಿರಿಜೆ ಜಗಲಿಯ ಮೇಲೆ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಅವನಿಗೆ ಗೊತ್ತಿದ್ದ ತಂಗಿಗೆ ಬಿಳಿ ಕೂದಲಿರಲಿಲ್ಲ. ಪರಮೇಶ "ಬನ್ನಿ ಭಾವ" ಎಂದವನು ಹೆಂಡತಿಯ ಮುಖ ನೋಡಿ, ಹಾಲು ತರುವ ನೆಪ ಹೇಳಿ ಹೊರಗೆ ಹೋದ. ಅವಳು ಒಂದು ಸಲ ಕಣ್ಣೆತ್ತಿದಳು. ಮೊರ ನಿಲ್ಲಲಿಲ್ಲ.

"ಬಾಗಿನ ಎಲ್ಲಿ?"

"ತಂದಿಲ್ಲ."

"ಸದ್ಯ. ಈ ವರ್ಷ ಗಿಡ್ಡಯ್ಯನ ಕಾಲು ಉಳೀತು."

ಅವನು ಅಂಗಳದಲ್ಲೇ ನಿಂತ. ಕೂರು ಎಂದು ಅವಳು ಅನ್ನಲಿಲ್ಲ.

"ಗಿರ್ಜೆ, ಸೌಮ್ಯನ ಮರಕ್ಕೆ ರೋಗ ಇರ್ಲಿಲ್ಲ."

ಮೊರ ನಿಂತಿತು.

"ಚೆನ್ನಾಗಿತ್ತು. ನಾನೇ ಕಡಿಸ್ದೆ. ಗಿಡ್ಡಯ್ಯ ಬ್ಯಾಡ ಅಂದ, ಕೇಳ್ಲಿಲ್ಲ. ನೀನು ನೋಡಿ ಸಂಕಟ ಪಡ್ತೀಯ ಅಂತ ನಾನೇ ಅಂದ್ಕೊಂಡೆ, ನಿನ್ನ ಕೇಳ್ಲಿಲ್ಲ. ಆಮೇಲೆ ರೋಗ ಅಂತ ಸುಳ್ಳೇಳ್ದೆ. ನಿನ್ನ ಗಂಡಂಗೂ ಹೇಳ್ದೆ, ಊರಿಗೆಲ್ಲಾ ಹೇಳ್ದೆ."

ಗಿರಿಜೆ ಮೊರದೊಳಗಿನ ರಾಗಿಯನ್ನು ಬೆರಳಿನಿಂದ ಅತ್ತ ಇತ್ತ ಸರಿಸಿದಳು. "ಬುಡದ ಸುತ್ತ ಹೋಳು ಬಿದ್ದಿದ್ವು," ಎಂದಳು. "ಬೆಳ್ಳಗೆ. ರೋಗ ಬಂದ ಮರದ್ದು ಹಂಗಿರಲ್ಲ. ನಾನೂ ತೆಂಗಿನ ಸೀಮೇಲೇ ಹುಟ್ಟಿದೋಳು."

"ಗೊತ್ತಿತ್ತಾ?"

"ಆ ಗಳಿಗೇಲೇ ಗೊತ್ತಾಯ್ತು. ಅವತ್ತು ಆಟೋ ಇಳ್ದು ಓಡಿದ್ದು ಯಾಕೆ ಗೊತ್ತಾ? ಅದರ ಕೆಳಗೆ ಒಂದಿಷ್ಟು ಹೊತ್ತು ಕೂತ್ಕೋಬೇಕು ಅಂತ. ಹನ್ನೊಂದು ದಿನ ಅದೊಂದೇ ನೆನ್ಸ್ಕೊಂಡು ಕಳ್ದಿದ್ದೆ." ದನಿ ಏರಲಿಲ್ಲ. "ಕಡಿಸಿದ್ದಕ್ಕೆ ಒಂದು ವರ್ಷ ಅತ್ತೆ. ಹೋಗ್ಲಿ, ಗಂಡಸು, ಅವನಿಗೇನು ಗೊತ್ತಾಗ್ತದೆ ಅಂದ್ಕೊಂಡೆ. ಆದ್ರೆ ರೋಗ ಅಂದ್ಯಲ್ಲ. ಮಗೂಗೂ ರೋಗ, ಅವಳ ಮರಕ್ಕೂ ರೋಗ. ಆ ಹೆಸರಿಟ್ಟಿದ್ದೇ ಸಾಯ್ತದೆ ಅಂತ ಇಲ್ಲೀಗಂಟ ಬಂತು ಮಾತು. ಇವರ ಅಣ್ಣನ ಮಗಳಿಗೆ ಆ ಹೆಸರಿಡ್ಬೇಕು ಅಂತಿದ್ರು, ಬ್ಯಾಡ ಅಂದ್ಬುಟ್ರು. ನನ್ನ ಮಗಳ ಹೆಸರು ಯಾರೂ ಬಾಯಲ್ಲಿ ತಗೊಳ್ದಂಗೆ ಆಯ್ತು."

ಇದು ತೋಂಟದಾರ್ಯನಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅವನು ಹೊತ್ತಿದ್ದು ಕಡಿದ ಮರವನ್ನು. ಅದಕ್ಕಿಂತ ದೊಡ್ಡದನ್ನು ಅವಳ ತಲೆಯ ಮೇಲೆ ಹೊರಿಸಿ ಬಂದಿದ್ದು ಗೊತ್ತೇ ಇರಲಿಲ್ಲ. ಅವನು ಅಲ್ಲೇ ಅಂಗಳದ ಮಣ್ಣಿನಲ್ಲಿ ಕುಕ್ಕುರುಗಾಲಿನಲ್ಲಿ ಕೂತುಬಿಟ್ಟ. ಕ್ಷಮಿಸು ಎನ್ನುವ ಮಾತು ಬಾಯಿಗೆ ಬಂತು. ಅದು ತೀರಾ ಹಗುರವೆನಿಸಿ ನುಂಗಿಕೊಂಡ.

"ಊರಲ್ಲಿ ಹೇಳ್ತೀನಿ," ಎಂದ. "ಮನೆಮನೆಗೂ ಹೋಗಿ ಹೇಳ್ತೀನಿ. ಸುಳ್ಳು ಹೇಳ್ದೋನು ನಾನೇ ಅಂತ."

ಅವಳು ಮೊರವನ್ನು ಪಕ್ಕಕ್ಕಿಟ್ಟಳು. ಕೇಳಿದಳು:

"ಹೊಂಬಾಳೆ ಬಿಟ್ಟಿತ್ತಲ್ಲ, ಪೀಚು ಕಟ್ಟಿತ್ತಾ?"

"ಕಟ್ಟಿತ್ತು. ಹದಿನಾಲ್ಕು."

"ಎಣಿಸ್ದಾ?"

"ಬಿದ್ದ ಮೇಲೆ ಎಣಿಸ್ದೆ."

ಗಿರಿಜೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳ ಭುಜ ಅಲುಗುವುದನ್ನು ನೋಡುತ್ತ ಅವನು ಕೂತೇ ಇದ್ದ. ಹತ್ತಿರ ಹೋಗುವ ಹಕ್ಕು ತನಗಿದೆಯೋ ಇಲ್ಲವೋ ತಿಳಿಯಲಿಲ್ಲ. ಸೆರಗು ತೆಗೆದಾಗ ಅವಳ ಮುಖ ಒಣಗಿತ್ತು.

"ಹೋಗು. ರೈಲಿಗೆ ಹೊತ್ತಾಗ್ತದೆ."

ಅವನು ಎದ್ದು ಅಂಗಳದ ಗೇಟು ದಾಟುವಾಗ ಹಿಂದಿನಿಂದ ದನಿ ಬಂತು. "ಗುಣಿ ಮುಚ್ಚಿದ್ಯಾ?"

"ಇಲ್ಲ. ಹಂಗೇ ಐತೆ."

ಮತ್ತೆ ಮೊರದ ಸದ್ದು ಶುರುವಾಯಿತು.

ಹೇಳಿದಂತೆ ಅವನು ಊರಲ್ಲಿ ಹೇಳಿದ. ಡೈರಿಯ ಮುಂದೆ, ಅರಳಿಕಟ್ಟೆಯಲ್ಲಿ, ಕಾಯಿ ಸುಲಿಯುವವರ ಜೊತೆ. ಕೆಲವರು "ಅಯ್ಯೋ ಬುಡಿ, ಹಳೇದು" ಎಂದರು. ಒಬ್ಬಿಬ್ಬರು ಮುಖ ತಿರುಗಿಸಿದರು. ಮುದುಕಿ ಗುರುಸಿದ್ದಮ್ಮ ಮಾತ್ರ ಕೈಯಲ್ಲಿದ್ದ ಕೋಲನ್ನು ನೆಲಕ್ಕೆ ಕುಟ್ಟಿ, "ಥೂ, ಎಂಥ ಮಾವನಯ್ಯ ನೀನು! ಆ ಮಗ ಇಲ್ಲಿ ಜಗಲಿ ಮ್ಯಾಲೆ ನನ್ ಕೂದ್ಲು ಬಾಚೋದು. ಸೌಮ್ಯ, ಸೌಮ್ಯ ಅಂತ ಬಾಯ್ತುಂಬ ಕರೀತಿದ್ದೆ" ಎಂದು ಬೈದಳು. ಆ ಬೈಗುಳದಲ್ಲಿ ಮಗುವಿನ ಹೆಸರು ಎರಡು ಸಲ ಬಂತು. ಅವನು ತಲೆ ತಗ್ಗಿಸಿ ಅದನ್ನು ಕೇಳಿಸಿಕೊಂಡ.

ಒಯಾಟ್ ಹಬ್ಬಕ್ಕೆ ಮೂರು ದಿನ ಮುಂಚೆ ಹೊರಟ. ಗಿಡ್ಡಯ್ಯ ಅವನ ಚೀಲಕ್ಕೆ ಎರಡು ಸೇರು ರಾಗಿಹಿಟ್ಟು ತುರುಕಿ "ನುಂಗು, ಅಗೀಬ್ಯಾಡ" ಎಂದ. ಒಯಾಟ್ ತೋಂಟದಾರ್ಯನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು "ಬರುತ್ತೇನೆ ಅಣ್ಣ" ಎಂದ. ಬಸ್ಸು ಹೋದ ಮೇಲೆ ಮನೆ ಮೊದಲಿಗಿಂತಲೂ ದೊಡ್ಡದಾಗಿ ಕಂಡಿತು.

ಗೌರಿಹಬ್ಬ ಬಂತು, ಹೋಯಿತು. ಬಾಗಿನ ಕಳಿಸಲಿಲ್ಲ. ಅತ್ತಲಿಂದ ಸುದ್ದಿಯೂ ಇಲ್ಲ. ಮುಂದಿನ ಸೋಮವಾರ ಬೆಳಿಗ್ಗೆ ತೋಂಟದಾರ್ಯ ಅಟ್ಟ ಹತ್ತಿ ಕಾಯಿ ಹೊರಳಿಸುತ್ತಿದ್ದಾಗ ಆಟೋ ನಿಂತ ಸದ್ದು ಕೇಳಿತು. ಅಟ್ಟದ ಬಿದಿರಿನ ಸಂದಿಯಲ್ಲಿ ನೋಡಿದ. ಗಿರಿಜೆ, ಒಬ್ಬಳೇ. ಕೈಯಲ್ಲಿ ಏನೂ ಇರಲಿಲ್ಲ. ಮನೆಯ ಕಡೆ ತಿರುಗದೆ ತೋಟದೊಳಗೆ ನಡೆದಳು. ಎರಡನೇ ಸಾಲಿನಲ್ಲಿ ತನ್ನ ಮರದ ಹತ್ತಿರವೂ ನಿಲ್ಲಲಿಲ್ಲ. ಏಳನೇ ಸಾಲಿಗೆ ಹೋಗಿ, ಗುಣಿಯ ಅಂಚಿನಲ್ಲಿ ಹುಲ್ಲನ್ನು ಕೈಯಿಂದ ಸರಿಸಿ, ಕಾಲು ಒಳಗೆ ಇಳಿಬಿಟ್ಟು ಕೂತಳು.

ಗಿಡ್ಡಯ್ಯ ಓಡಿಬಂದು ಕೆಳಗಿನಿಂದ ಕೈಬಾಯಿ ತಿರುಗಿಸಿದ, ಇಳಿದು ಬನ್ನಿ ಎಂದು. ತೋಂಟದಾರ್ಯ ಬೇಡವೆಂದು ತಲೆಯಾಡಿಸಿದ. ಆ ಜಾಗ ಅವಳದು. ಹನ್ನೆರಡು ವರ್ಷದ ಹಿಂದೆಯೇ ಅವಳು ಅಲ್ಲಿ ಕೂರಬೇಕಾಗಿತ್ತು.

ಬಿಸಿಲು ಗುಣಿಯ ಒಂದು ಅಂಚಿನಿಂದ ಇನ್ನೊಂದಕ್ಕೆ ಬಂತು. ಅವಳ ತುಟಿ ಅಲುಗುತ್ತಿತ್ತು. ಮಾತೋ, ಹಾಡೋ, ಅಷ್ಟು ದೂರಕ್ಕೆ ತಿಳಿಯಲಿಲ್ಲ. ಅವನು ಕಾಯಿಗಳ ನಡುವೆ ಅಲುಗದೆ ಕೂತಿದ್ದ. ಅಲುಗಿದರೆ ಕಾಯಿ ಸದ್ದು ಮಾಡುತ್ತದೆಂದು ಹೆದರಿ.

ಕೊನೆಗೆ ಗಿರಿಜೆ ಎದ್ದಳು. ಸೀರೆಯ ಮಣ್ಣು ಕೊಡವಿದಳು. ಮನೆಯ ಕಡೆ ಒಂದು ಸಲ ನೋಡಿದಳು, ಅಟ್ಟದ ಕಡೆ ಅಲ್ಲ, ಜಗಲಿಯ ಕಂಬದ ಕಡೆ. ಅಣ್ಣ ಎಂದು ಕರೆಯಲಿಲ್ಲ. ಆಟೋದ ಕಡೆ ಹೆಜ್ಜೆ ಹಾಕಿದವಳು ಪಂಪ್‌ಸೆಟ್ಟಿನ ತೊಟ್ಟಿಯ ಹತ್ತಿರ ನಿಂತಳು. ಪೈಪಿನಿಂದ ನೀರು ಸುರಿಯುತ್ತಿತ್ತು. ಗಿಡ್ಡಯ್ಯ ಚೊಂಬು ತರಲು ಓಡಿದ. ಅವನು ಬರುವ ಮುಂಚೆಯೇ ಅವಳು ಬಾಗಿ, ಎರಡೂ ಅಂಗೈ ಜೋಡಿಸಿ ಹಿಡಿದು, ತವರಿನ ನೀರು ಕುಡಿದಳು. ಮತ್ತೊಂದು ಸಲ ಹಿಡಿದು ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಹೋದಳು.